ದೇವರ ಕರುಣೆ, ನಮ್ಮ ದಿನಚರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳಿಬಿಡುತ್ತೇನೆ. ನಾನು ಚರ್ಚಿನ ಗುರುವೂ (ಫಾದರ್) ಅಲ್ಲ, ದೇವಶಾಸ್ತ್ರ ಓದಿದವನೂ ಅಲ್ಲ. ಬ್ಯಾಂಕಿನಲ್ಲಿ 30 ವರ್ಷ ಲೆಕ್ಕ ಬರೆದು ನಿವೃತ್ತನಾದವನು. ಮೈಸೂರಿನ ಒಂದು ಕಥೋಲಿಕ ಧರ್ಮಕೇಂದ್ರದಲ್ಲಿ (ಚರ್ಚಿನಲ್ಲಿ) ಭಾನುವಾರದ ಬಲಿಪೂಜೆ (ಮಾಸ್) ಮುಗಿದ ಮೇಲೆ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ಮಕ್ಕಳು ಕೇಳುತ್ತಾರೆ, ಅವರನ್ನು ಕರೆದುಕೊಂಡು ಹೋಗಲು ಬರುವ ಅಪ್ಪ ಅಮ್ಮ ಇನ್ನೂ ಜಾಸ್ತಿ ಕೇಳುತ್ತಾರೆ. ಕೆಲವರು ಎದುರಿಗೆ ಕೇಳಲು ಸಂಕೋಚಪಟ್ಟು ಚೀಟಿ ಬರೆದು ಕೊಡುತ್ತಾರೆ. ಅವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ.

## ಶುರುವಿನ ಪ್ರಶ್ನೆಗಳು

"ದೇವರು ಪ್ರೀತಿ ಅಂತೀರಿ. ಹಾಗಾದರೆ ಚಿಕ್ಕಂದಿನಲ್ಲಿ ನಮ್ಮನ್ನು ಅಷ್ಟು ಹೆದರಿಸಿದ್ದು ಯಾಕೆ?"

ಹೆದರಿಸಿದ್ದು ನಿಜ. ನಮ್ಮಜ್ಜಿ ಕೂಡ "ಸುಳ್ಳು ಹೇಳಿದ್ರೆ ದೇವರು ಕಣ್ಣು ಕೀಳ್ತಾರೆ" ಅನ್ನುತ್ತಿದ್ದರು. ಮಕ್ಕಳನ್ನು ಹದ್ದುಬಸ್ತಿನಲ್ಲಿಡಲು ದೊಡ್ಡವರಿಗೆ ಸುಲಭಕ್ಕೆ ಸಿಕ್ಕಿದ್ದು ದೇವರ ಹೆಸರು. ಪಾಪ, ನರಕ ಇವೆಲ್ಲ ಧರ್ಮಸಭೆ (ಕಥೋಲಿಕ ಚರ್ಚ್) ಕಲಿಸುವ ವಿಷಯಗಳೇ, ಇಲ್ಲ ಅನ್ನುವುದಿಲ್ಲ. ಆದರೆ ಯಾವುದನ್ನು ಮೊದಲು ಹೇಳುತ್ತೇವೆ ಅನ್ನುವುದು ಮುಖ್ಯ. ಬೈಬಲಿನಲ್ಲಿ ಬರುವ ಸುಂಕ ವಸೂಲಿಯ ಶ್ರೀಮಂತ ಜಕ್ಕಾಯನಿಗೆ ಯೇಸು "ಮೊದಲು ತಿಂದ ಲಂಚ ವಾಪಸ್ ಕೊಡು, ಆಮೇಲೆ ನಿನ್ನ ಮನೆಗೆ ಬರ್ತೀನಿ" ಅನ್ನಲಿಲ್ಲ. ಮರದ ಮೇಲಿದ್ದವನನ್ನು ಹೆಸರು ಹಿಡಿದು ಕರೆದು, ಇವತ್ತು ನಿಮ್ಮ ಮನೆಯಲ್ಲೇ ಉಳಿಯಬೇಕು ಅಂದರು. ನಾಲ್ಕು ಪಟ್ಟು ಹಿಂದಿರುಗಿಸುತ್ತೇನೆ ಅಂತ ಜಕ್ಕಾಯ ಹೇಳಿದ್ದು ಆಮೇಲೆ. ನಾನು ಕ್ಲಾಸಿನಲ್ಲಿ ಮೊದಲು ಹೇಳಿಕೊಡುವುದು ಈ ಕಥೆಯನ್ನೇ.

"ಕರುಣೆ ಅಂದ್ರೆ ಅಯ್ಯೋ ಪಾಪ ಅನ್ನೋದು ಅಲ್ವಾ? ನಂಗೆ ಯಾರ ಕನಿಕರಾನೂ ಬೇಡ."

ಇದನ್ನು ಕೇಳಿದ್ದು ಪಿಯುಸಿ ಓದುವ ಹುಡುಗಿ. ಒಳ್ಳೆಯ ಪ್ರಶ್ನೆ. ರಸ್ತೆಯಲ್ಲಿ ಬಿದ್ದವನನ್ನು ಬಸ್ಸಿನ ಕಿಟಕಿಯಿಂದ ನೋಡಿ ಅಯ್ಯೋ ಪಾಪ ಅನ್ನಬಹುದು, ಬಸ್ಸು ಮುಂದಕ್ಕೆ ಹೋಗುತ್ತದೆ. ಬೈಬಲಿನ ಮಾತು ಬೇರೆ. ಹೀಬ್ರೂ ಭಾಷೆಯಲ್ಲಿ ಕರುಣೆಗೆ 'ರಹಮೀಮ್' ಅನ್ನುತ್ತಾರೆ. ಅದರ ಬೇರು 'ರೆಹೆಮ್', ಅಂದರೆ ಗರ್ಭ. ಶುಭಸಂದೇಶಗಳ (ಬೈಬಲಿನಲ್ಲಿ ಯೇಸುವಿನ ಜೀವನ ಹೇಳುವ ಪುಸ್ತಕಗಳ) ಗ್ರೀಕ್ ಮೂಲದಲ್ಲಿ ಯೇಸುವಿಗೆ ಜನರನ್ನು ಕಂಡು ಕನಿಕರ ಉಂಟಾಯಿತು ಅನ್ನುವ ಕಡೆ ಬಳಸಿರುವ ಕ್ರಿಯಾಪದ ಹುಟ್ಟಿದ್ದು ಹೊಟ್ಟೆಯೊಳಗಿನ ಅಂಗಗಳ ಹೆಸರಿನಿಂದ. ಕೆಲವು ಭಾಷೆಯವರಿಗೆ ಇದನ್ನು ವಿವರಿಸಲು ಒಂದು ಪುಟ ಬೇಕಾಗಬಹುದು. ನಮಗೆ ಒಂದೇ ಪದ ಸಾಕು: ಕರುಳು. ಹೆತ್ತ ಕರುಳು, ಕರುಳ ಕುಡಿ, ಕರುಳು ಚುರ್ ಅಂತು. ಲೂಕನ ಶುಭಸಂದೇಶದ 15ನೇ ಅಧ್ಯಾಯದಲ್ಲಿ, ತನ್ನ ಪಾಲಿನ ಆಸ್ತಿಯನ್ನೆಲ್ಲ ಹಾಳುಮಾಡಿ ದೂರದಲ್ಲಿ ವಾಪಸ್ ಬರುತ್ತಿದ್ದ ಕಿರಿಯ ಮಗನನ್ನು ಕಂಡಾಗ ತಂದೆಗೆ ಆದದ್ದು ಇದೇ. ಮಗ ಬಾಯಿ ಬಿಡುವ ಮೊದಲೇ ಆತ ಓಡಿಹೋಗಿ ತಬ್ಬಿಕೊಂಡ. ಆ ಕಾಲದ ಯಜಮಾನರು ಊರ ಮುಂದೆ ಓಡುತ್ತಿರಲಿಲ್ಲ, ಅದು ಅವರ ಘನತೆಗೆ ಕಡಿಮೆ. ಈ ತಂದೆಗೆ ಅದರ ಪರಿವೆಯೇ ಇರಲಿಲ್ಲ.

"ನಾವು ಹಿಂದೂಗಳು. ಚರ್ಚಿಗೆ ಬಂದು ಮೇಣದಬತ್ತಿ ಹಚ್ಚಬಹುದಾ? ಪ್ರಸಾದ ತಗೋಬಹುದಾ?"

ಧಾರಾಳವಾಗಿ ಬನ್ನಿ, ಹಚ್ಚಿ, ಕೂತು ಪ್ರಾರ್ಥಿಸಿ. ಕೆ.ಆರ್. ನಗರದ ಹತ್ತಿರದ ಡೋರನಹಳ್ಳಿಯ ಸಂತ ಅಂತೋಣಿಯವರ ಬಸಿಲಿಕಕ್ಕೆ ಜೂನ್ 13ರ ಹಬ್ಬದಲ್ಲಿ ಹೋಗಿ ನೋಡಿ, ಯಾರು ಯಾವ ಧರ್ಮ ಅಂತ ಹೇಳಲಾಗುವುದಿಲ್ಲ. ಬೆಂಗಳೂರು ವಿವೇಕನಗರದ ಬಾಲ ಯೇಸುವಿನ ದೇವಾಲಯದಲ್ಲಿ ಗುರುವಾರಗಳಂದು ಕೂಡ ಹಾಗೆಯೇ.

ಪ್ರಸಾದದ ವಿಷಯದಲ್ಲಿ ಮಾತ್ರ ಹೆಸರಿನಿಂದ ಗೊಂದಲವಾಗುತ್ತದೆ. ನಾವು 'ಪರಮ ಪ್ರಸಾದ' ಅನ್ನುವುದು ಪೂಜೆಯ ನಂತರ ಹಂಚುವ ತಿನಿಸಲ್ಲ. ಅದು ಯೇಸುವಿನ ಶರೀರವೇ ಎಂದು ನಂಬುತ್ತೇವೆ. ಆ ನಂಬಿಕೆಯಲ್ಲಿ ದೀಕ್ಷಾಸ್ನಾನ ಪಡೆದು, ತಯಾರಾದವರು ಮಾತ್ರ ಸ್ವೀಕರಿಸುತ್ತಾರೆ. ಕಥೋಲಿಕರಲ್ಲೂ ಎಲ್ಲರೂ ಎಲ್ಲ ದಿನವೂ ಹೋಗುವುದಿಲ್ಲ. ಹಾಗಾಗಿ ನೀವು ಬೆಂಚಿನಲ್ಲೇ ಕೂತಿದ್ದರೆ ಯಾರೂ ತಿರುಗಿ ನೋಡುವುದಿಲ್ಲ.

"ಬೆಳಿಗ್ಗೆ ಐದಕ್ಕೆ ಎದ್ದರೆ ರಾತ್ರಿ ಹನ್ನೊಂದು. ಪ್ರಾರ್ಥನೆಗೆ ಟೈಮ್ ಎಲ್ಲಿಂದ ತರಲಿ?"

ಗಂಟೆಗಟ್ಟಲೆ ಪ್ರಾರ್ಥನೆ ಮಾಡಿ ಅಂತ ನಾನು ಹೇಳುವುದಿಲ್ಲ. ನನಗೇ ಆಗುತ್ತಿರಲಿಲ್ಲ. 17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠದಲ್ಲಿ ಬ್ರದರ್ ಲಾರೆನ್ಸ್ ಅಂತ ಒಬ್ಬರಿದ್ದರು. ಕಾಲು ಊನ. ವರ್ಷಗಟ್ಟಲೆ ಅಡುಗೆಮನೆ ಕೆಲಸ, ಆಮೇಲೆ ಚಪ್ಪಲಿ ರಿಪೇರಿ. ಪಾತ್ರೆಗಳ ಗದ್ದಲದ ನಡುವೆಯೂ ದೇವರ ಜೊತೆ ಮಾತಾಡಿಕೊಂಡೇ ಇರಬಹುದು ಅನ್ನುವುದು ಅವರ ಅನುಭವ. ಅಡುಗೆ ಕೆಲಸ ಅವರಿಗೆ ಇಷ್ಟವೇ ಇರಲಿಲ್ಲವಂತೆ. ಅದನ್ನು ಓದಿದ ಮೇಲೆ ನನಗೆ ಅವರ ಮೇಲೆ ವಿಶ್ವಾಸ ಇನ್ನೂ ಹೆಚ್ಚಾಯಿತು.

ಒಂದು ಸಾಲಿನ ಪ್ರಾರ್ಥನೆ ಇಟ್ಟುಕೊಳ್ಳಿ. ಲೂಕ 18ರಲ್ಲಿ ದೇವಾಲಯದಲ್ಲಿ ದೂರದಲ್ಲೇ ನಿಂತ ಸುಂಕದವನು ಹೇಳಿದ್ದು ಅಷ್ಟೇ: "ದೇವರೇ, ಪಾಪಿಯಾದ ನನ್ನನ್ನು ಕರುಣಿಸಿ." ಕುಕ್ಕರ್ ಎರಡು ಸಲ ಕೂಗುವಷ್ಟರಲ್ಲಿ ಹತ್ತು ಬಾರಿ ಹೇಳಬಹುದು.

ರಾತ್ರಿ ಮಲಗುವ ಮುನ್ನ ಐದು ನಿಮಿಷ ದಿನವನ್ನು ಹಿಂದಿರುಗಿ ನೋಡುವ ಅಭ್ಯಾಸವೂ ಒಳ್ಳೆಯದು. ಇದನ್ನು ಕಲಿಸಿದವರು 16ನೇ ಶತಮಾನದ ಸಂತ ಇಗ್ನೇಷಿಯಸ್ ಲೊಯೋಲಾ. ನಾನು ಬಹಳ ದಿನ ಇದನ್ನು ಬ್ಯಾಂಕಿನ ಕ್ಯಾಶ್ ಟ್ಯಾಲಿ ಥರವೇ ಮಾಡುತ್ತಿದ್ದೆ: ಇವತ್ತು ಎಷ್ಟು ತಪ್ಪು, ಎಷ್ಟು ಬಾಕಿ. ಸುಮ್ನೆ ತಲೆನೋವು. ಇಗ್ನೇಷಿಯಸ್ ಹೇಳಿಕೊಟ್ಟ ಮೊದಲ ಮೆಟ್ಟಿಲು ಧನ್ಯವಾದ ಅಂತ ಗೊತ್ತಾದದ್ದು ತಡವಾಗಿ. ಮೊದಲು ಸಿಕ್ಕಿದ್ದನ್ನು ನೆನೆಯಬೇಕು. ತಪ್ಪುಗಳು ಆಮೇಲೆ.

"ಜಪಸರ (ರೋಸರಿ) ಹೇಳ್ತಾ ಹೇಳ್ತಾ ನಿದ್ದೆ ಬಂದುಬಿಡುತ್ತೆ. ಪಾಪಾನಾ?"

ಅಲ್ಲ. ಫ್ರಾನ್ಸಿನ ಲಿಸಿಯು ಊರಿನ ಸಂತ ತೆರೇಸಾ ಪ್ರಾರ್ಥನೆಯ ಹೊತ್ತಿನಲ್ಲಿ ತೂಕಡಿಸುತ್ತಿದ್ದರು. ಮಕ್ಕಳು ಮಲಗಿದ್ದಾಗಲೂ ಅಪ್ಪ ಅಮ್ಮನಿಗೆ ಮುದ್ದೇ ಅಲ್ಲವೇ ಅಂತ ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು. 1897ರಲ್ಲಿ 24ನೇ ವಯಸ್ಸಿಗೇ ತೀರಿಕೊಂಡ ಅವರಿಗೆ 1997ರಲ್ಲಿ ಧರ್ಮಸಭೆ 'ಪಂಡಿತೆ' ಎಂಬ ಬಿರುದು ಕೊಟ್ಟಿತು. ತೂಕಡಿಸಿದ್ದು ಅದಕ್ಕೆ ಅಡ್ಡ ಬರಲಿಲ್ಲ.

## ಪಾಪನಿವೇದನೆ

"ದೇವರಿಗೇ ನೇರವಾಗಿ ಹೇಳಿಕೊಂಡರೆ ಸಾಲದಾ? ಮಧ್ಯದಲ್ಲಿ ಫಾದರ್ ಯಾಕೆ?"

ಪಾಪನಿವೇದನೆ ಅಂದರೆ ಗುರುಗಳ ಮುಂದೆ ಪಾಪ ಒಪ್ಪಿಕೊಂಡು ಕ್ಷಮೆ ಪಡೆಯುವುದು. ದೇವರಿಗೆ ನೇರವಾಗಿ ಹೇಳಿ, ದಿನಾ ಹೇಳಿ. ಅದು ಬೇಕೇ ಬೇಕು. ಆದರೆ ಪುನರುತ್ಥಾನವಾದ ಸಂಜೆ ಯೇಸು ಶಿಷ್ಯರ ಮೇಲೆ ಉಸಿರೂದಿ, ನೀವು ಯಾರ ಪಾಪಗಳನ್ನು ಕ್ಷಮಿಸುತ್ತೀರೋ ಅವರಿಗೆ ಕ್ಷಮೆ ದೊರಕುತ್ತದೆ ಎಂದರು. ಯೊವಾನ್ನನ ಶುಭಸಂದೇಶದ 20ನೇ ಅಧ್ಯಾಯದಲ್ಲಿದೆ. ಹೇಳದಿದ್ದರೆ ಏನನ್ನು ಕ್ಷಮಿಸಬೇಕು ಅಂತ ಗೊತ್ತಾಗುವುದು ಹೇಗೆ?

ಇದು ಶಾಸ್ತ್ರದ ಉತ್ತರ. ನನ್ನ ಉತ್ತರ ಇನ್ನೊಂದಿದೆ. ಕೋಣೆಯಲ್ಲಿ ಒಬ್ಬನೇ ಕೂತು ಕ್ಷಮೆ ಕೇಳಿದಾಗ ನಾನು ವಾದಿ, ನಾನೇ ವಕೀಲ, ನಾನೇ ಜಡ್ಜ್. ಒಂದೊಂದು ಸಲ ಬೇಗ ಬಿಟ್ಟುಬಿಡುತ್ತೇನೆ, ಒಂದೊಂದು ಸಲ ಬಿಡುವುದೇ ಇಲ್ಲ. "ನಿನ್ನ ಪಾಪಗಳನ್ನು ಕ್ಷಮಿಸುತ್ತೇನೆ" ಅನ್ನುವ ಮಾತು ಇನ್ನೊಬ್ಬರ ಬಾಯಿಂದ ನನ್ನ ಕಿವಿಗೆ ಬಿದ್ದಾಗ ವಿಷಯ ಮುಗಿಯುತ್ತದೆ.

"ಹದಿನೈದು ಇಪ್ಪತ್ತು ವರ್ಷ ಆಯ್ತು ಹೋಗದೆ. ಪ್ರಾರ್ಥನೇನೂ ಮರೆತುಹೋಗಿದೆ. ಹೇಗೆ ಶುರು ಮಾಡೋದು?"

ಈ ಚೀಟಿ ಪ್ರತಿ ತಪಸ್ಸುಕಾಲದಲ್ಲೂ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ) ಒಂದಾದರೂ ಬರುತ್ತದೆ. ಹಾಗಾಗಿ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ನಾನೂ 14 ವರ್ಷ ಹೋಗಿರಲಿಲ್ಲ. ಕಾಲೇಜಿನ ದಿನಗಳಲ್ಲಿ ಒಬ್ಬ ಗುರುಗಳು ಪಾಪನಿವೇದನೆಯಲ್ಲಿ ಜೋರಾಗಿ ಬೈದರು. ಹೊರಗೆ ಸಾಲಿನಲ್ಲಿ ನಿಂತವರಿಗೆ ಕೇಳಿಸಿರಬೇಕು. ಕಿವಿ ಕೆಂಪಾಗಿ ಹೊರಗೆ ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅವರು ಮಾಡಿದ್ದು ತಪ್ಪು, ಈಗಲೂ ಹಾಗೇ ಅನ್ನುತ್ತೇನೆ. ಆದರೆ ಅವರ ಮೇಲಿನ ಸಿಟ್ಟಿನಲ್ಲಿ 14 ವರ್ಷ ಉಪವಾಸ ಬಿದ್ದವನು ನಾನು. ಕೊನೆಗೆ ಒಂದು ಕ್ರಿಸ್ಮಸ್ ಮುಂಚೆ ಯಾವುದೋ ಕೆಲಸಕ್ಕೆ ಬೇರೆ ಊರಿಗೆ ಹೋದಾಗ, ನನ್ನ ಪರಿಚಯವೇ ಇಲ್ಲದ ವಯಸ್ಸಾದ ಗುರುಗಳ ಹತ್ತಿರ ಹೋದೆ. "ಎಲ್ಲಿಂದ ಶುರು ಮಾಡಲಿ ಗೊತ್ತಿಲ್ಲ ಸ್ವಾಮಿ" ಅಂದೆ. "ಬಂದಿದ್ದೀಯಲ್ಲಪ್ಪ, ಶುರು ಆಗಿದೆ" ಅಂದರು.

ನೀವು ಮಾಡಬೇಕಾದದ್ದು ಕಷ್ಟವೇನಿಲ್ಲ. ಹಿಂದಿನ ದಿನ ಶಾಂತವಾಗಿ ಕೂತು ದೊಡ್ಡ ವಿಷಯಗಳನ್ನು ನೆನಪು ಮಾಡಿಕೊಳ್ಳಿ. ಚೀಟಿಯಲ್ಲಿ ಬರೆದುಕೊಂಡರೂ ಪರವಾಗಿಲ್ಲ, ಆಮೇಲೆ ಹರಿದುಹಾಕಿ. ಭಾನುವಾರದ ಪೂಜೆಗೆ ಹತ್ತು ನಿಮಿಷ ಮುಂಚೆ ಹೋಗಬೇಡಿ, ಗುರುಗಳಿಗೂ ಅವಸರ, ನಿಮಗೂ ಅವಸರ. ಬೇರೆ ದಿನ ಸಮಯ ಕೇಳಿಕೊಂಡು ಹೋಗಿ. ಶಿಲುಬೆ ಗುರುತು ಹಾಕಿಕೊಂಡು, ಇಷ್ಟು ವರ್ಷವಾಯಿತು, ಎಲ್ಲ ಮರೆತಿದೆ, ಸಹಾಯ ಮಾಡಿ ಅನ್ನಿ. ಮುಂದಕ್ಕೆ ಅವರೇ ನಡೆಸುತ್ತಾರೆ. ಗಂಭೀರ ಪಾಪಗಳನ್ನು ಮುಚ್ಚಿಡದೆ ಹೇಳಬೇಕು. ಕಥೆ, ಕಾರಣ, ಅತ್ತೆಯ ತಪ್ಪು, ಪಕ್ಕದ ಮನೆಯವರ ತಪ್ಪು ಬೇಡ. ಮರೆತೇ ಹೋದದ್ದೂ ಕ್ಷಮೆಯಲ್ಲಿ ಸೇರಿರುತ್ತದೆ. ಮುಂದಿನ ಸಲ ನೆನಪಾದರೆ ಹೇಳಿದರಾಯಿತು.

"ಫಾದರ್ ಯಾರಿಗಾದರೂ ಹೇಳಿಬಿಟ್ಟರೆ?"

ಹೇಳುವಂತಿಲ್ಲ. ಪೊಲೀಸರು ಕೇಳಿದರೂ ಇಲ್ಲ, ಪ್ರಾಣ ಹೋದರೂ ಇಲ್ಲ. ನೇರವಾಗಿ ಬಯಲು ಮಾಡಿದ ಗುರುವಿಗೆ ಧರ್ಮಸಭೆಯ ಕಾನೂನಿನಲ್ಲಿ ತಾನಾಗಿಯೇ ಬಹಿಷ್ಕಾರ ಬೀಳುತ್ತದೆ. ಅದನ್ನು ತೆಗೆಯುವ ಅಧಿಕಾರ ಇರುವುದು ರೋಮ್‌ಗೆ.

"ಪ್ರತಿ ಸಲವೂ ಅದೇ ಪಾಪ. ಹೇಳೋಕೂ ನಾಚಿಕೆ ಆಗುತ್ತೆ. ದೇವರಿಗೆ ಬೇಜಾರಾಗಲ್ವಾ?"

ಹೊಸ ಹೊಸ ಪಾಪ ಮಾಡಿಕೊಂಡು ಬನ್ನಿ ಅಂತ ಯಾರೂ ಹೇಳುವುದಿಲ್ಲವಲ್ಲ! ತಮಾಷೆ ಬಿಡಿ. ಯೇಸುವಿನ ಶಿಷ್ಯ ಪೇತ್ರನನ್ನು ನೋಡಿ. ಪ್ರಧಾನ ಯಾಜಕನ ಅಂಗಳದಲ್ಲಿ ಇದ್ದಿಲ ಬೆಂಕಿ ಕಾಯಿಸಿಕೊಳ್ಳುತ್ತಾ ಯೇಸುವನ್ನು ಗೊತ್ತೇ ಇಲ್ಲ ಅಂದ. ಒಂದಲ್ಲ, ಮೂರು ಸಲ, ಅದೇ ತಪ್ಪು. ಪುನರುತ್ಥಾನದ ನಂತರ ಸಮುದ್ರದ ದಂಡೆಯಲ್ಲಿ ಯೇಸು ಶಿಷ್ಯರಿಗೆ ಮೀನು ಸುಟ್ಟು ತಿಂಡಿ ಮಾಡಿದರು. ಅಲ್ಲಿಯೂ ಇದ್ದಿಲ ಬೆಂಕಿಯೇ. ಯೊವಾನ್ನ ಎರಡೂ ಕಡೆ ಅದೇ ಪದ ಬರೆದಿದ್ದಾನೆ. ಆ ಬೆಂಕಿಯ ಪಕ್ಕದಲ್ಲೇ ಯೇಸು ಮೂರು ಸಲ ಕೇಳಿದರು: ನೀನು ನನ್ನನ್ನು ಪ್ರೀತಿಸುತ್ತೀಯಾ? ಯಾಕೆ ಹಾಗೆ ಮಾಡಿದೆ ಅಂತ ಒಂದು ಸಲವೂ ಕೇಳಲಿಲ್ಲ. ಜಗತ್ತಿನ ಮೊದಲ ಪೋಪರ ಸಂದರ್ಶನ ಅಷ್ಟೇ.

ಜೊತೆಗೆ ಬುದ್ಧಿಯನ್ನೂ ಉಪಯೋಗಿಸಿ. ಕುಡಿತವೋ ಮೊಬೈಲಿನ ಚಟವೋ ಆಗಿದ್ದರೆ ಪಾಪನಿವೇದನೆಯ ಜೊತೆ ಡಾಕ್ಟರ ಹತ್ತಿರವೂ ಹೋಗಬೇಕು.

## ದೈವಕರುಣೆಯ ಭಕ್ತಿ

"ಎದೆಯಿಂದ ಎರಡು ಬಣ್ಣದ ಕಿರಣ ಬರುವ ಯೇಸುವಿನ ಚಿತ್ರ ಎಲ್ಲಾ ಮನೆಯಲ್ಲೂ ಇದೆ. ಅದರ ಕಥೆ ಏನು?"

ಪೋಲೆಂಡಿನ ಬಡ ರೈತರ ಮನೆಯ ಹುಡುಗಿ, ಹೆಲೆನಾ ಕೊವಾಲ್ಸ್ಕಾ. ಹುಟ್ಟಿದ್ದು 1905ರಲ್ಲಿ, ಹತ್ತು ಮಕ್ಕಳಲ್ಲಿ ಮೂರನೆಯವಳು. ಶಾಲೆಗೆ ಹೋದದ್ದು ಮೂರು ವರ್ಷಕ್ಕೂ ಕಡಿಮೆ. ಬೇರೆಯವರ ಮನೆಗೆಲಸ ಮಾಡಿಕೊಂಡಿದ್ದವಳು ಮಠ ಸೇರಿ ಸಿಸ್ಟರ್ ಫೌಸ್ತೀನಾ ಆದರು. ಅಲ್ಲೂ ಅಡುಗೆ, ತೋಟ, ಬಾಗಿಲು ಕಾಯುವ ಕೆಲಸ. 1931ರ ಫೆಬ್ರವರಿ 22ರಂದು ಪ್ಲೊಟ್ಸ್ಕ್ ಊರಿನ ಮಠದ ಕೋಣೆಯಲ್ಲಿ ಯೇಸು ಬಿಳಿಯ ಉಡುಪಿನಲ್ಲಿ ಕಾಣಿಸಿಕೊಂಡು, ಈ ರೂಪದ ಚಿತ್ರ ಬರೆಸು, ಕೆಳಗೆ "ಯೇಸುವೇ, ನಾನು ನಿಮ್ಮಲ್ಲಿ ಭರವಸೆ ಇಡುತ್ತೇನೆ" ಎಂದಿರಲಿ ಅಂದರೆಂದು ಅವರು ತಮ್ಮ ದಿನಚರಿಯಲ್ಲಿ ಬರೆದಿದ್ದಾರೆ. ಕೆಂಪು ಕಿರಣ ರಕ್ತ, ಬಿಳಿ ಕಿರಣ ನೀರು. ಶಿಲುಬೆಯಲ್ಲಿ ಈಟಿಯಿಂದ ತಿವಿದಾಗ ಯೇಸುವಿನ ಪಕ್ಕೆಯಿಂದ ಹರಿದದ್ದು.

1934ರಲ್ಲಿ ವಿಲ್ನಿಯಸ್‌ನಲ್ಲಿ ಕಾಜಿಮಿರೊವ್ಸ್ಕಿ ಎಂಬ ಕಲಾವಿದರು ಚಿತ್ರ ಬರೆದರು. ನೋಡಿದ ಫೌಸ್ತೀನಾ ಅತ್ತುಬಿಟ್ಟರು, ತಾವು ಕಂಡಷ್ಟು ಸುಂದರವಾಗಿ ಬಂದಿಲ್ಲ ಅಂತ. ಅದರ ಹಿರಿಮೆ ಬಣ್ಣದಲ್ಲೂ ಇಲ್ಲ, ಕುಂಚದಲ್ಲೂ ಇಲ್ಲ, ಕೃಪೆಯಲ್ಲಿದೆ ಎಂಬ ಉತ್ತರ ಬಂತಂತೆ. 1938ರಲ್ಲಿ, 33ನೇ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡರು.

ಆಮೇಲಿನದು ಸುಲಭದ ದಾರಿಯಾಗಿರಲಿಲ್ಲ. 1959ರಲ್ಲಿ ವ್ಯಾಟಿಕನ್ನೇ ಈ ಭಕ್ತಿಯ ಪ್ರಚಾರಕ್ಕೆ ತಡೆ ಹಾಕಿತು. ತೆಗೆದದ್ದು 1978ರ ಏಪ್ರಿಲ್‌ನಲ್ಲಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಪೋಲೆಂಡಿನವರೇ ಆದ ಎರಡನೇ ಜಾನ್ ಪಾಲ್ ಪೋಪ್ ಆದರು. 2000ದ ಏಪ್ರಿಲ್ 30ರಂದು ಅವರು ಫೌಸ್ತೀನಾರನ್ನು ಸಂತರೆಂದು ಘೋಷಿಸಿ, ಪಾಸ್ಕ (ಈಸ್ಟರ್) ಹಬ್ಬದ ಮುಂದಿನ ಭಾನುವಾರವನ್ನು ದೈವಕರುಣೆಯ ಭಾನುವಾರ ಎಂದು ಇಡೀ ಧರ್ಮಸಭೆಗೆ ಕೊಟ್ಟರು. ಐದು ವರ್ಷದ ನಂತರ ಆ ಹಬ್ಬದ ಹಿಂದಿನ ರಾತ್ರಿಯೇ ತೀರಿಕೊಂಡರು.

ಇಷ್ಟಾದರೂ ಇಂಥ ದರ್ಶನಗಳನ್ನು ನಂಬಲೇಬೇಕು ಅಂತ ಧರ್ಮಸಭೆ ಯಾರನ್ನೂ ಒತ್ತಾಯಿಸುವುದಿಲ್ಲ. ಶುಭಸಂದೇಶಕ್ಕೆ ಇದರಿಂದ ಹೊಸದೇನೂ ಸೇರುವುದಿಲ್ಲ.

"ಮೂರು ಗಂಟೆಗೇ ಹೇಳಬೇಕಾ? ಹನ್ನೆರಡು ಜನಕ್ಕೆ ಕಳಿಸದಿದ್ದರೆ ಕೆಟ್ಟದಾಗುತ್ತೆ ಅಂತ ವಾಟ್ಸಾಪ್‌ನಲ್ಲಿ ಬಂದಿದೆ..."

ಎರಡನೆಯದನ್ನು ತಕ್ಷಣ ಡಿಲೀಟ್ ಮಾಡಿ. ಅದು ಭಕ್ತಿಯಲ್ಲ, ಬೆದರಿಕೆ.

ಯೇಸು ಪ್ರಾಣ ಬಿಟ್ಟದ್ದು ಮಧ್ಯಾಹ್ನ ಮೂರರ ಹೊತ್ತಿಗೆ. ಅದರ ನೆನಪಿಗೆ ಆ ಹೊತ್ತು. ಕೆಲಸದಲ್ಲಿದ್ದರೆ ಒಂದು ಕ್ಷಣ ಮನಸ್ಸಿನಲ್ಲಿ ನೆನೆದರೂ ಸಾಕು ಅನ್ನುವ ಮಾತು ಫೌಸ್ತೀನಾರ ದಿನಚರಿಯಲ್ಲೇ ಇದೆ. ದೈವಕರುಣೆಯ ಜಪಸರವನ್ನು ಯಾವ ಹೊತ್ತಿನಲ್ಲಾದರೂ ಹೇಳಬಹುದು. ಮನೆಯಲ್ಲಿರುವ ಮಾಮೂಲಿ ಜಪಸರದಲ್ಲೇ ಹೇಳುತ್ತಾರೆ, ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಬ್ಯಾಂಕಿನಲ್ಲಿದ್ದಾಗ ಮೂರು ಗಂಟೆಗೆ ನನ್ನ ಕೌಂಟರ್ ಮುಂದೆ ಜನ ಇರುತ್ತಿದ್ದರು. ಮುಂದಿನ ಟೋಕನ್ ಕರೆಯುವ ಮೊದಲು ಒಂದು ಉಸಿರು. ಅಷ್ಟೇ ಆಗುತ್ತಿದ್ದದ್ದು.

## ಕಷ್ಟದ ಪ್ರಶ್ನೆಗಳು

"ಅಣ್ಣ ಆಸ್ತಿಯಲ್ಲಿ ಮೋಸ ಮಾಡಿದ. ಕ್ಷಮಿಸು ಅಂತಾರೆ ಎಲ್ಲರೂ. ಆಗ್ತಿಲ್ಲ. ಕೇಸ್ ವಾಪಸ್ ತಗೋಬೇಕಾ?"

ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮತಿಯನ್ನು (ನೀತಿಕಥೆಯನ್ನು) ಬ್ಯಾಂಕಿನವನ ಕಣ್ಣಲ್ಲಿ ಓದೋಣ. ಒಬ್ಬ ಸೇವಕ ರಾಜನಿಗೆ 10,000 ತಲೆಂತು ಸಾಲ ಕೊಡಬೇಕಿತ್ತು. ಒಂದು ತಲೆಂತು ಅಂದರೆ ಸುಮಾರು 6,000 ದೆನಾರಿ, ಒಂದು ದೆನಾರಿ ಒಂದು ದಿನದ ಕೂಲಿ. ಅಲ್ಲಿಗೆ 6 ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು 2 ಲಕ್ಷ ವರ್ಷ ಬೇಕು. "ಎಲ್ಲಾ ಕೊಟ್ಟುಬಿಡ್ತೀನಿ" ಅಂತ ಅವನು ಹೇಳುವುದು ಹಾಸ್ಯಾಸ್ಪದ. ರಾಜ ಅದನ್ನು ಮನ್ನಾ ಮಾಡಿದ. ಹೊರಗೆ ಬಂದವನು 100 ದೆನಾರಿ ಕೊಡಬೇಕಿದ್ದ ಜೊತೆಗಾರನ ಕುತ್ತಿಗೆ ಹಿಡಿದ.

ನಾನು ಗಮನಿಸುವುದು ಆ ನೂರನ್ನು. ಅದು ಮೂರು ತಿಂಗಳಿಗೂ ಜಾಸ್ತಿ ದುಡಿಮೆ. ಚಿಲ್ಲರೆ ಕಾಸಲ್ಲ. ನಿಮ್ಮ ಅಣ್ಣ ಮಾಡಿದ್ದು ಸಣ್ಣ ವಿಷಯ ಅಂತ ಯೇಸು ಹೇಳುತ್ತಿಲ್ಲ. ಪಕ್ಕದಲ್ಲಿ ಇನ್ನೊಂದು ಅಂಕಿಯನ್ನು ಇಡುತ್ತಾರೆ.

ಕ್ಷಮೆಗೂ ಕೇಸಿಗೂ ಗಂಟು ಹಾಕಬೇಡಿ. 1981ರ ಮೇ 13ರಂದು ಎರಡನೇ ಜಾನ್ ಪಾಲರಿಗೆ ಗುಂಡು ಹೊಡೆದ ಮೆಹ್ಮತ್ ಅಲಿ ಅಗ್ಜಾನನ್ನು ಅವರು 1983ರ ಡಿಸೆಂಬರ್‌ನಲ್ಲಿ ಜೈಲಿಗೇ ಹೋಗಿ ಭೇಟಿಯಾದರು. ಕ್ಷಮಿಸಿದ್ದೂ ಆಗಿತ್ತು. ಆದರೂ ಅವನು ಇಟಲಿಯ ಜೈಲಿನಿಂದ ಹೊರಬಂದದ್ದು 2000ದಲ್ಲಿ. ನಿಮ್ಮ ಮಕ್ಕಳ ಪಾಲನ್ನು ಕಾನೂನಿನ ಮೂಲಕ ಕೇಳುವುದು ಪಾಪವಲ್ಲ. ಅಣ್ಣ ಹಾಳಾಗಿಹೋಗಲಿ ಅಂತ ರಾತ್ರಿಯೆಲ್ಲ ಬಯಸುವುದು ಬೇರೆ. ಸದ್ಯಕ್ಕೆ ಕ್ಷಮಿಸಲು ಆಗದಿದ್ದರೆ, ಕ್ಷಮಿಸುವ ಮನಸ್ಸು ಕೊಡಿ ಅಂತ ಕೇಳಿ. ಅದೂ ಆಗದಿದ್ದರೆ ಅವನ ಹೆಸರು ಹೇಳಿ ಒಂದು 'ನಮೋ ಮರಿಯಾ' ಪ್ರಾರ್ಥನೆ. ಹಲ್ಲು ಕಚ್ಚಿಕೊಂಡಾದರೂ ಸರಿ.

"ಕೊನೇ ಗಳಿಗೆಯಲ್ಲಿ ಸಾರಿ ಅಂದವನಿಗೂ ಸ್ವರ್ಗ ಅಂದ್ರೆ, ಜೀವನವಿಡೀ ನೆಟ್ಟಗಿದ್ದವರು ದಡ್ಡರಾ?"

ಈ ಪ್ರಶ್ನೆ ಕೇಳುವವರೆಲ್ಲ ನಮ್ಮಂಥ ಹಿರಿಯ ಮಕ್ಕಳು. ಲೂಕ 15ರ ಅದೇ ಕಥೆಯಲ್ಲಿ, ತಮ್ಮ ವಾಪಸ್ ಬಂದ ಸಂಭ್ರಮದ ಹಾಡು ಕುಣಿತವನ್ನು ಹೊಲದಿಂದ ಬಂದು ಕೇಳಿ ಹೊರಗೇ ನಿಂತ ಆ ಅಣ್ಣ. "ಇಷ್ಟು ವರ್ಷ ಗುಲಾಮನ ಹಾಗೆ ದುಡಿದೆ" ಅಂದ. ಅಲ್ಲೇ ಇರುವುದು ತೊಂದರೆ. ಅಪ್ಪನ ಮನೆಯಲ್ಲಿ ಕೂಲಿಯವನ ಹಾಗೆ ಬದುಕಿದ್ದ. ಆ ತಮ್ಮನು ಹಂದಿಗಳ ಜೊತೆ ಹಸಿದುಕೊಂಡು ಕಳೆದ ದಿನಗಳನ್ನು ಲಾಭ ಅಂದುಕೊಂಡಿದ್ದ. ನನಗೆ ಈ ಅಣ್ಣನ ಮೇಲೆ ಬಹಳ ಪ್ರೀತಿ, ಯಾಕೆಂದರೆ ಅವನೂ ಲೆಕ್ಕದವನು. ಅವನಿಗಾಗಿ ತಂದೆ ಎರಡನೇ ಸಲ ಮನೆಯಿಂದ ಹೊರಗೆ ಬಂದರು ಅನ್ನುವುದನ್ನು ನಾವು ಗಮನಿಸುವುದಿಲ್ಲ. ಅವನು ಒಳಗೆ ಹೋದನೋ ಇಲ್ಲವೋ, ಲೂಕ ಬರೆದಿಲ್ಲ.

"ನಮ್ಮ ಮನೆಯಲ್ಲಿ ಒಬ್ಬರು ತಾವೇ ಪ್ರಾಣ ತೆಗೆದುಕೊಂಡರು. ಅವರಿಗೆ ಕ್ಷಮೆ ಇಲ್ಲ ಅಂತಾರೆ. ನಿಜಾನಾ?"

ಹಾಗೆ ಹೇಳುವ ಅಧಿಕಾರ ಯಾರಿಗೂ ಇಲ್ಲ. ಹಿಂದೆ ಗಟ್ಟಿ ನಿಯಮಗಳಿದ್ದವು. 1917ರ ಧರ್ಮಸಭಾ ಕಾನೂನು, ತಿಳಿದೂ ತಿಳಿದೂ ಆತ್ಮಹತ್ಯೆ ಮಾಡಿಕೊಂಡವರಿಗೆ ಧರ್ಮಸಭೆಯ ಅಂತ್ಯಕ್ರಿಯೆ ಬೇಡ ಅನ್ನುತ್ತಿತ್ತು. 1983ರ ಕಾನೂನಿನಲ್ಲಿ ಅದು ಇಲ್ಲ. 1992ರ ಧರ್ಮೋಪದೇಶ ಗ್ರಂಥ ಸ್ಪಷ್ಟವಾಗಿ ಹೇಳುತ್ತದೆ: ಪ್ರಾಣ ತೆಗೆದುಕೊಳ್ಳುವುದು ಗಂಭೀರ ತಪ್ಪೇ. ಆದರೆ ಮಾನಸಿಕ ಕಾಯಿಲೆ, ತೀವ್ರ ಭಯ, ಸಂಕಟಗಳು ಆ ವ್ಯಕ್ತಿಯ ಹೊಣೆಯನ್ನು ಕಡಿಮೆ ಮಾಡಬಲ್ಲವು. ಅವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದು. ದೇವರಿಗೆ ಮಾತ್ರ ಗೊತ್ತಿರುವ ದಾರಿಗಳಿವೆ. ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ.

ಅವರ ಹೆಸರಿನಲ್ಲಿ ಪೂಜೆ ಕೊಡಿಸಿ. ಹೆಸರು ಓದುವಾಗ ತಲೆ ತಗ್ಗಿಸಬೇಡಿ. ಇದನ್ನು ಓದುತ್ತಿರುವ ನಿಮಗೇ ಅಂಥ ಯೋಚನೆ ಬರುತ್ತಿದ್ದರೆ ಈಗಲೇ ಹತ್ತಿರದವರೊಬ್ಬರಿಗೆ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

"ಒಂಬತ್ತು ದಿನದ ನೊವೇನ ಮಾಡಿದೆ, ಹರಕೆ ಹೊತ್ತೆ. ಆದರೂ ಅಮ್ಮ ಹೋಗಿಬಿಟ್ಟರು. ದೇವರು ಯಾಕೆ ಕೇಳಲಿಲ್ಲ?"

ನನ್ನ ಹತ್ತಿರ ಇದಕ್ಕೆ ಉತ್ತರ ಇಲ್ಲ. "ದೇವರಿಗೆ ಒಳ್ಳೆಯವರೇ ಬೇಕು" ಅಂತ ಸಾವಿನ ಮನೆಯಲ್ಲಿ ಹೇಳುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನಿ ತೋಟದಲ್ಲಿ ಯೇಸು ಕೂಡ ಈ ಸಂಕಟದ ಪಾತ್ರೆ ನನ್ನಿಂದ ದೂರವಾಗಲಿ ಅಂತ ಕೇಳಿದರು. ಆಗಲಿಲ್ಲ. ಕೀರ್ತನೆ 88ನ್ನು ಓದಿ. ಮೊದಲಿನಿಂದ ಕೊನೆಯವರೆಗೆ ಬರೀ ದೂರು. ಬೇರೆ ಶೋಕಗೀತೆಗಳು ಸಾಮಾನ್ಯವಾಗಿ ಸ್ತುತಿಯಲ್ಲಿ ಮುಗಿದರೆ, ಇದು ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಯಾರೂ ಬೈಬಲಿನಿಂದ ತೆಗೆದುಹಾಕಲಿಲ್ಲ. ಕೋಲ್ಕತ್ತದ ಮದರ್ ತೆರೇಸಾ ಹಲವು ದಶಕ ಒಳಗೆ ದೇವರ ಇರವೇ ಗೊತ್ತಾಗದೆ ಪ್ರಾರ್ಥಿಸಿದರು ಅನ್ನುವುದು ಜನಕ್ಕೆ ತಿಳಿದದ್ದು ಅವರು ತೀರಿಕೊಂಡ ಮೇಲೆ, ಪತ್ರಗಳಿಂದ. ಅವರು 2016ರಲ್ಲಿ, ಪೋಪ್ ಫ್ರಾನ್ಸಿಸ್ ಕರೆಕೊಟ್ಟಿದ್ದ ಕರುಣೆಯ ವರ್ಷದಲ್ಲೇ, ಸಂತರಾದರು.

ನಮ್ಮಪ್ಪ ಹೋದಾಗ ನನಗೂ ಆರು ತಿಂಗಳು ಬಾಯಿಂದ ಒಂದು ಪ್ರಾರ್ಥನೆ ಹೊರಡಲಿಲ್ಲ. ಹೆಂಡತಿ ಕರೆದಳು ಅಂತ ಚರ್ಚಿಗೆ ಹೋಗುತ್ತಿದ್ದೆ, ಕೊನೆಯ ಬೆಂಚಿನಲ್ಲಿ ಸುಮ್ನೆ ಕೂರುತ್ತಿದ್ದೆ. ಪಕ್ಕದಲ್ಲಿ ಯಾವಾಗಲೂ ಒಬ್ಬ ಅಜ್ಜಿ ಕೂರುತ್ತಿದ್ದರು. ನನ್ನ ತುಟಿ ಅಲ್ಲಾಡುತ್ತಿಲ್ಲ ಅಂತ ಅವರಿಗೆ ಗೊತ್ತಾಗಿತ್ತು. ಏನೂ ಕೇಳಲಿಲ್ಲ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಬಂದಾಗ ಸ್ವಲ್ಪ ನನ್ನ ಕಡೆ ವಾಲಿ, ಇಬ್ಬರಿಗೂ ಸೇರಿಸಿ ಜೋರಾಗಿ ಹೇಳುತ್ತಿದ್ದರು.